ನಿಯತ್ತಿಗೆ ಅಗ್ರಿಮೆಂಟ್ ಇರಲ್ಲ

(ಪ್ರಸಾರ: ಜನವರಿ 2023)

ಸಂಕ್ರಾಂತಿಯ ಎಳ್ಳು-ಬೆಲ್ಲ ಇನ್ನೂ ಡಬ್ಬಿಯಲ್ಲಿರುವಾಗಲೇ ಈ ವಾರ ಮೈಸೂರಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಮಂಡಿ ಮೊಹಲ್ಲಾ ಕಡೆ ಕಾಲು ಹಾಕಿದೆ. ಮೈಸೂರಿನವರಿಗೆ ನಾನು ಹೇಳಬೇಕಾಗಿಲ್ಲ. ದೇವರಾಜ ಮಾರ್ಕೆಟ್ ದಾಟಿ, ಸಯ್ಯಾಜಿರಾವ್ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಅರಮನೆಯ ಮೈಸೂರು ಮುಗಿದು ದುಡಿಯುವ ಮೈಸೂರು ಶುರುವಾಗುತ್ತದೆ.

ಅಲ್ಲೊಂದು ಗ್ಯಾರೇಜು. ಬೋರ್ಡಿನ ಅಕ್ಷರ ಮಾಸಿಹೋಗಿದೆ. ನೆಲದ ಮೇಲೆ ಗೋಣಿಚೀಲ ಹಾಸಿ ಅದರ ಮೇಲೆ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕಿನ ಇಂಜಿನ್ ಬಿಚ್ಚಿಟ್ಟಿದ್ದರು. ಪಕ್ಕದಲ್ಲಿ ಎಪ್ಪತ್ತರ ಆಸುಪಾಸಿನ ಮೆಕ್ಯಾನಿಕ್ ಒಬ್ಬರು ಪಿಸ್ಟನ್ ಒರೆಸ್ತಾ ಕೂತಿದ್ದರು. ನಾನು ಕೇಳಿದೆ, ‘ಏನ್ ಚಾಚಾ, ಕಂಪನಿ ಬಾಗಿಲು ಹಾಕಿ ಇಪ್ಪತ್ತಾರು ವರ್ಷ ಆಯ್ತು. ನೀವಿನ್ನೂ ಇದನ್ನ ಬಿಟ್ಟಿಲ್ವಾ?’

ಅವರು ತಲೆ ಎತ್ತಲಿಲ್ಲ. ‘ಕಂಪನಿ ಹೋಯ್ತು ಸಾರ್. ಗಾಡಿ ಎಲ್ಲಿ ಹೋಗ್ತದೆ?’ ಅಂದರು.

ಅಷ್ಟರಲ್ಲಿ ಅಲ್ಲೇ ಕೆಲಸ ಕಲಿಯೋ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಡಕಾರ್ ರ‍್ಯಾಲಿಯ ವಿಡಿಯೋ. ಕಳೆದ ಭಾನುವಾರ, ನಾವು ಇಲ್ಲಿ ಸಂಕ್ರಾಂತಿ ಮಾಡುತ್ತಿದ್ದ ದಿನವೇ, ಸೌದಿ ಅರೇಬಿಯಾದ ದಮ್ಮಾಮ್‌ನಲ್ಲಿ ಆ ರ‍್ಯಾಲಿ ಮುಗಿಯಿತು. ಬೈಕ್ ವಿಭಾಗದಲ್ಲಿ ಅರ್ಜೆಂಟೀನಾದ ಕೆವಿನ್ ಬೆನವಿಡೆಸ್ ಗೆದ್ದ. ಎರಡು ವಾರ ಮರಳುಗಾಡಿನಲ್ಲಿ ಓಡಿಸಿ, ಕೊನೆಗೆ ಎರಡನೆಯವನಿಗೂ ಇವನಿಗೂ ಇದ್ದ ಅಂತರ ಬರೀ 43 ಸೆಕೆಂಡ್! ಹುಡುಗ ಹೇಳಿದ, ‘ಇವ್ನು 2021ರಲ್ಲಿ ಹೋಂಡಾದಲ್ಲಿ ಗೆದ್ದಿದ್ದ ಚಾಚಾ. ಈ ಸಲ ಕೆಟಿಎಂನಲ್ಲಿ.’

ಚಾಚಾ ಈಗ ತಲೆ ಎತ್ತಿದರು. ‘ಹಂಗಾದ್ರೆ ಅವ್ನು ಯಾರ ಕಡೆಯೋನು?’

ವೀಕ್ಷಕರೇ, ಇವತ್ತಿನ ನನ್ನ ಮಾತು ಅಷ್ಟೇ. ಯಾರು ಯಾರ ಕಡೆಯವರು? ಕೋಟಿಗಟ್ಟಲೆ ದುಡ್ಡು ಓಡಾಡುವ ಈ ಬೈಕ್ ರೇಸಿನ ಜಗತ್ತಿನಲ್ಲಿ ನಿಯತ್ತು ಅನ್ನೋದು ಇದೆಯಾ? ಇದ್ದರೆ ಯಾರ ಹತ್ತಿರ ಇದೆ? ಪ್ರಶ್ನೆ ಮರಳುಗಾಡಿನದು ಅನ್ನಿಸಬಹುದು. ಆದರೆ ಉತ್ತರ ಹುಡುಕುತ್ತಾ ಹೋದರೆ ನಾವು ಮತ್ತೆ ಮೈಸೂರಿಗೇ ಬರ್ತೀವಿ.

ಮೊದಲು ದೊಡ್ಡವರ ಕತೆ ನೋಡೋಣ.

ಕಳೆದ ವರ್ಷ ಮೇ ತಿಂಗಳು. ಮೋಟೋಜಿಪಿ ಅಂತ ಒಂದಿದೆ, ಬೈಕ್ ರೇಸಿಗೆ ಅದೇ ವಿಶ್ವಕಪ್. ಅದರಲ್ಲಿ ಜಪಾನಿನ ಸುಜುಕಿ ಕಂಪನಿಯ ತಂಡ ಇತ್ತು. 2020ರಲ್ಲಿ ಆ ತಂಡದ ಜುವಾನ್ ಮಿರ್ ವಿಶ್ವ ಚಾಂಪಿಯನ್. ಜೊತೆಗಾರ ಅಲೆಕ್ಸ್ ರಿನ್ಸ್. ರೇಸ್ ನಡೆಸುವ ಸ್ಪೇನಿನ ಡೋರ್ನಾ ಸಂಸ್ಥೆಯ ಜೊತೆ 2026ರವರೆಗೂ ಇರುತ್ತೇವೆ ಅಂತ ಸುಜುಕಿ ಸಹಿ ಹಾಕಿತ್ತು. ಸಹಿಯ ಇಂಕು ಒಣಗೋಕೆ ಮುಂಚೆ, ‘ಈ ವರ್ಷದ ಕೊನೆಗೆ ನಾವು ಹೊರಟೆವು’ ಅಂದುಬಿಟ್ಟಿತು! ಆರ್ಥಿಕ ಪರಿಸ್ಥಿತಿ ಸರಿಯಿಲ್ಲ, ಹಣವನ್ನು ಬೇರೆ ಕಡೆ ತೊಡಗಿಸಬೇಕು, ಇದು ಕಂಪನಿ ಕೊಟ್ಟ ಕಾರಣ. ‘ನೀವೊಬ್ಬರೇ ತೀರ್ಮಾನ ಮಾಡಿದರೆ ಆಗಲ್ಲ, ಒಪ್ಪಂದ ಇದೆ’ ಅಂತ ಡೋರ್ನಾ ಎಚ್ಚರಿಸಿತು. ಕೊನೆಗೆ ಎರಡೂ ಕಡೆಯವರು ಕೂತು ಮಾತಾಡಿ ಲೆಕ್ಕ ಚುಕ್ತಾ ಮಾಡಿಕೊಂಡರು.

ಬೋರ್ಡ್ ರೂಮಿನಲ್ಲಿ ಲೆಕ್ಕ ಚುಕ್ತಾ ಆಯ್ತು. ಪಿಟ್‌ನಲ್ಲಿ ನಿಂತಿದ್ದ ಮೆಕ್ಯಾನಿಕ್‌ಗಳದ್ದು? ಸೀಸನ್ ಮಧ್ಯದಲ್ಲಿ ಅವರಿಗೆ ಸುದ್ದಿ ಬಂತು, ಡಿಸೆಂಬರ್ ನಂತರ ಕೆಲಸ ಇಲ್ಲ ಅಂತ. ಆದರೂ ಅವರು ಏನು ಮಾಡಿದರು ಗೊತ್ತಾ? ಕೊನೆಯ ರೇಸಿನವರೆಗೂ ಬೈಕನ್ನು ಮುಂಚಿನಷ್ಟೇ ನೀಟಾಗಿ ತಯಾರು ಮಾಡಿದರು. 2022ರ ನವೆಂಬರ್ 6, ಸ್ಪೇನಿನ ವೆಲೆನ್ಸಿಯಾ, ಸೀಸನ್ನಿನ ಕೊನೆಯ ರೇಸ್. ಗೆದ್ದದ್ದು ಯಾರು? ಸುಜುಕಿಯ ಅಲೆಕ್ಸ್ ರಿನ್ಸ್! ಬಾಗಿಲು ಹಾಕುವ ಅಂಗಡಿ, ಬಾಗಿಲು ಹಾಕುವ ದಿನ ಮೊದಲನೇ ಬಹುಮಾನ ತಗೊಂಡಿತು. ಕಂಪನಿ ಇವರನ್ನು ಬಿಟ್ಟಿತ್ತು. ಇವರು ಕೆಲಸ ಬಿಟ್ಟಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡ್ತೀನಿ. ಕಂಪನಿ ಬಿಡುವುದೇ ತಪ್ಪು, ರೈಡರ್ ಬಿಡುವುದೇ ದ್ರೋಹ ಅಂತ ನಾನು ಹೇಳ್ತಾ ಇಲ್ಲ. ಇಟಲಿಯ ವ್ಯಾಲೆಂಟಿನೋ ರಾಸಿ ಹೆಸರು ನಿಮ್ಮ ಮನೆಯ ಹುಡುಗರನ್ನು ಕೇಳಿ, ಹೇಳ್ತಾರೆ. ಹೋಂಡಾದಲ್ಲಿ ಮೇಲಿಂದ ಮೇಲೆ ಗೆಲ್ಲುತ್ತಿದ್ದವನು 2003ರ ಕೊನೆಗೆ ಯಮಹಾಗೆ ಹೊರಟ. ಗೆಲ್ಲೋದು ನಾನು, ಹೆಸರು ಮಾತ್ರ ಇಂಜಿನ್ನಿಗೆ ಅನ್ನೋ ಅಸಮಾಧಾನ ಅವನಿಗಿತ್ತು. ಹೋಂಡಾ ಏನು ಮಾಡಿತು? ಡಿಸೆಂಬರ್ 31ರವರೆಗೂ ಅಗ್ರಿಮೆಂಟ್ ಇದೆ, ಅಲ್ಲಿವರೆಗೂ ಬೇರೆಯವರ ಬೈಕ್ ಮುಟ್ಟುವ ಹಾಗಿಲ್ಲ ಅಂತ ಕೂತಿತು. ಅವನು ಕಾದ. ಜನವರಿಯಲ್ಲಿ ಯಮಹಾ ಹತ್ತಿದ. 2004ರ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ಯಮಹಾ ಮೇಲೆ ಓಡಿಸಿದ ಮೊದಲ ರೇಸನ್ನೇ ಗೆದ್ದ. ಆ ವರ್ಷ ಚಾಂಪಿಯನ್ನೂ ಆದ. ಅವನ ಜೊತೆಗೆ ಹೋಂಡಾ ಬಿಟ್ಟು ಹೋದವರು ಯಾರು? ಅವನ ಬೈಕ್ ನೋಡಿಕೊಳ್ಳುತ್ತಿದ್ದ ಮುಖ್ಯ ಮೆಕ್ಯಾನಿಕ್, ಆಸ್ಟ್ರೇಲಿಯಾದ ಜೆರೆಮಿ ಬರ್ಗೆಸ್. ವರ್ಷಗಟ್ಟಲೆ ಹೋಂಡಾದಲ್ಲಿದ್ದ ಮನುಷ್ಯ. ಅವನ ನಿಯತ್ತು ಕಂಪನಿಯ ಬೋರ್ಡಿಗಿಂತ ಜೊತೆಗೆ ದುಡಿದ ಮನುಷ್ಯನ ಮೇಲಿತ್ತು.

ಇದು ನೇರ ವ್ಯವಹಾರ. ಅವಧಿ ಮುಗೀತು, ಕೈ ಕುಲುಕಿದರು, ಹೊರಟರು. ಇದರಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ.

ಮೋಸದ ಕತೆಯೂ ಒಂದಿದೆ. ಅದು 1961ರದ್ದು. ಈ ಇಸವಿ ನೆನಪಿಟ್ಟುಕೊಳ್ಳಿ. ಮೈಸೂರಿಗೆ ನಮ್ಮನ್ನು ವಾಪಸ್ ಕರ‍್ಕೊಂಡು ಬರೋದು ಇದೇ ಇಸವಿ.

ಆಗ ಜರ್ಮನಿ ಎರಡಾಗಿತ್ತು. ಪೂರ್ವ ಜರ್ಮನಿಯ ಜ್ಚೋಪಾವ್ ಅನ್ನೋ ಊರಿನಲ್ಲಿ ಎಂಝಡ್ ಅಂತ ಸರ್ಕಾರಿ ಬೈಕ್ ಕಾರ್ಖಾನೆ. ಅಲ್ಲಿ ವಾಲ್ಟರ್ ಕಾಡೆನ್ ಅನ್ನೋ ಇಂಜಿನಿಯರ್. ದುಡ್ಡಿಲ್ಲ, ಒಳ್ಳೆಯ ಸಾಮಾನಿಲ್ಲ, ಆದರೆ ತಲೆ ಇತ್ತು. ಟೂ ಸ್ಟ್ರೋಕ್ ಇಂಜಿನ್ ಅಂದರೆ ಹೊಗೆ ಬಿಡೋ ಬಡವರ ಇಂಜಿನ್ ಅಂತ ಜಗತ್ತು ನಗುತ್ತಿದ್ದ ಕಾಲ. ಅದರ ಸೈಲೆನ್ಸರ್ ಪೈಪಿನ ಆಕಾರದಲ್ಲೇ ಗುಟ್ಟಿದೆ ಅಂತ ಕಾಡೆನ್ ಅದನ್ನೇ ಹಿಡಿದು ಕೂತ. ಬಾವಿಯೊಳಗೆ ಬಗ್ಗಿ ಕೂಗಿದರೆ ನಿಮ್ಮ ಕೂಗು ನಿಮಗೇ ವಾಪಸ್ ಬರುತ್ತಲ್ಲ? ಹಾಗೆಯೇ ಪೈಪಿನ ಹೊಟ್ಟೆಯನ್ನು ಸರಿಯಾದ ಅಳತೆಯಲ್ಲಿ ಉಬ್ಬಿಸಿ ತುದಿಯನ್ನು ಕಿರಿದು ಮಾಡಿದರೆ, ಹೊರಗೆ ಹೋಗುವ ಹೊಗೆಯ ಒತ್ತಡದ ಅಲೆ ವಾಪಸ್ ಬಂದು, ಸುಡದೆ ಸೋರಿಹೋಗುತ್ತಿದ್ದ ಪೆಟ್ರೋಲ್-ಗಾಳಿಯನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ಅದೇ ಇಂಜಿನ್, ಆದರೆ ಶಕ್ತಿ ಎಷ್ಟೋ ಪಟ್ಟು. ಇದು ಕಾಡೆನ್‌ನ ವಿದ್ಯೆ.

ಆ ಬೈಕ್ ಓಡಿಸುತ್ತಿದ್ದವನು ಅರ್ನ್‌ಸ್ಟ್ ಡೆಗ್ನರ್. ಕಾಡೆನ್‌ನ ಜೊತೆಯಲ್ಲೇ ದುಡಿದವನು, ಒಳಗಿನದೆಲ್ಲ ಬಲ್ಲವನು. 1961ರ ಸೆಪ್ಟೆಂಬರ್‌ನಲ್ಲಿ 125 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಅವನ ಕೈಗೆಟುಕುವ ದೂರದಲ್ಲಿತ್ತು. ಆದರೆ ಅಷ್ಟು ಹೊತ್ತಿಗೆ ಜಪಾನಿನ ಸುಜುಕಿ ಅವನ ಜೊತೆ ಗುಟ್ಟಾಗಿ ಮಾತು ಮುಗಿಸಿತ್ತು. ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ರೇಸ್. ಬರ್ಲಿನ್ ಗೋಡೆ ಎದ್ದು ಇನ್ನೂ ಒಂದು ತಿಂಗಳು. ಅತ್ತ ಅವನ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಗಡಿ ದಾಟಿಸಿದರು. ಇತ್ತ ರೇಸಿನ ಮಧ್ಯೆ ಇವನ ಇಂಜಿನ್ ಕೈಕೊಟ್ಟಿತು. ಅವತ್ತೇ ತಂಡ ಬಿಟ್ಟು ಮಾಯವಾದ. ಎಂಝಡ್ ಕಾರ್ಖಾನೆ ಕೆಂಡವಾಯಿತು, ಬೇಕಂತಲೇ ಇಂಜಿನ್ ಹಾಳು ಮಾಡಿದ ಅಂತ ಆರೋಪ ಹೊರಿಸಿತು. ಆ ವರ್ಷದ ಚಾಂಪಿಯನ್‌ಶಿಪ್ ಅವನ ಕೈತಪ್ಪಿ ಹೋಂಡಾದ ಟಾಮ್ ಫಿಲಿಸ್ ಪಾಲಾಯಿತು. ಮುಂದಿನ ವರ್ಷ, 1962ರಲ್ಲಿ, ಡೆಗ್ನರ್ ಸುಜುಕಿಗೆ 50 ಸಿಸಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ. ಸುಜುಕಿಗೆ ಅದೇ ಮೊಟ್ಟಮೊದಲನೆಯದು.

ಡೆಗ್ನರ್‌ನನ್ನು ಏನಂತ ಕರೀತೀರಿ? ಉಂಡ ಮನೆಗೆ ಎರಡು ಬಗೆದವನು ಅಂತಲಾ? ಇಲ್ಲಾ, ಬೇಲಿ ಹಾಕಿದ ದೇಶದಿಂದ ಹೆಂಡತಿ ಮಕ್ಕಳನ್ನು ಪಾರು ಮಾಡಿದ ಗಂಡಸು ಅಂತಲಾ? ಎರಡೂ ನಿಜ ಸ್ವಾಮಿ. ಆ ಸರ್ಕಾರದ ಮೇಲೆ ಅವನಿಗೆ ಋಣ ಇರಲಿಲ್ಲ ಅಂತ ಬೇಕಾದರೆ ಒಪ್ಪೋಣ. ಆದರೆ ಕಾಡೆನ್ ಅನ್ನೋ ಆ ಇಂಜಿನಿಯರ್‌ನ ಮೇಲೆ? ಅವನ ಜೀವಮಾನದ ವಿದ್ಯೆ ಒಂದು ರಾತ್ರಿಯಲ್ಲಿ ಬೇರೆಯವರ ಪಾಲಾಯಿತು. ಅವನು ಎಲ್ಲಿಗೂ ಓಡಿಹೋಗಲಿಲ್ಲ. ಅದೇ ಊರಿನಲ್ಲೇ, ಅದೇ ಕಾರ್ಖಾನೆಯಲ್ಲೇ ಉಳಿದ. ತೀರಿಕೊಂಡದ್ದು 1996ರಲ್ಲಿ.

ಈಗ ಮೈಸೂರಿಗೆ ಬನ್ನಿ. ಅದೇ 1961.

ಮಂಡಿ ಮೊಹಲ್ಲಾದಿಂದ ರೈಲ್ವೆ ಸ್ಟೇಷನ್ ಆಚೆ ಯಾದವಗಿರಿ. ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಉದ್ಘಾಟನೆ ಮಾಡಿದರು. ಕಟ್ಟಿದವರು ಪಾರ್ಸಿ ಸಮುದಾಯದ ರುಸ್ತುಂ ಇರಾನಿ, ಫಾರೂಕ್ ಇರಾನಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯಿಂದ ಲೈಸೆನ್ಸ್ ತಗೊಂಡು ಅದೇ ಟೂ ಸ್ಟ್ರೋಕ್ ಇಂಜಿನ್ನಿನ ಬೈಕುಗಳನ್ನು ನಮ್ಮ ಮೈಸೂರಿನಲ್ಲಿ ತಯಾರು ಮಾಡೋಕೆ ಶುರು ಮಾಡಿದರು. ಜಪಾನಿನವರು ಟೂ ಸ್ಟ್ರೋಕ್ ವಿದ್ಯೆಯನ್ನು ರೈಡರ್ ಒಬ್ಬನನ್ನು ಒಡೆದು ತಗೊಂಡ ವರ್ಷವೇ ಮೈಸೂರಿನವರು ಕಾಗದದ ಮೇಲೆ ಸಹಿ ಮಾಡಿ, ಕೊಡಬೇಕಾದ್ದು ಕೊಟ್ಟು ಕಲಿತರು. ನೇರವಾಗಿ ಕಲಿತವರು ಎಷ್ಟು ದಿನ ಉಳಿದರು ಅನ್ನೋದು ಬೇರೆ ಪ್ರಶ್ನೆ. ಅದಕ್ಕೂ ಬರ್ತೀನಿ.

70ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಇರಾನಿಗಳ ಮೂಲ ಊರು, ಇರಾನಿನ ಯಾಜ್ದ್, ಅದರ ನೆನಪಿಗೆ ಇಟ್ಟ ಹೆಸರು ಅಂತಾರೆ. ಆ ಬೈಕ್ ಬಗ್ಗೆ ನಮ್ಮ ಕಡೆ ಯಾರಿಗೆ ಹೇಳಬೇಕು? ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಕಿಕ್ಕರೂ ಅದೇ, ಗೇರ್ ಲಿವರೂ ಅದೇ! ಗೊತ್ತಿಲ್ಲದವನು ಕದಿಯೋಕೆ ಬಂದರೆ ಸ್ಟಾರ್ಟ್ ಮಾಡೋದು ಹೇಗೆ ಅಂತ ಹುಡುಕೋದ್ರಲ್ಲೇ ಬೆಳಗಾಗ್ತಿತ್ತು. ಹಾಲಿನ ಕ್ಯಾನ್ ಹೊತ್ತಿತು, ಕಬ್ಬಿನ ಗದ್ದೆಗೆ ಹೋಯಿತು, ಮದುಮಕ್ಕಳನ್ನು ಮನೆ ತುಂಬಿಸಿಕೊಂಡು ಬಂತು. ಅದೇ ಬೈಕು ಮದ್ರಾಸ್ ಹತ್ತಿರದ ಶೋಳಾವರಂ ರೇಸಿಗೂ ಹೋಯಿತು. ಎರಡನೇ ಮಹಾಯುದ್ಧದ ಕಾಲದ ಹಳೇ ವಿಮಾನದ ರನ್‌ವೇ ಅದು. ಇವತ್ತಿನ ಹಾಗೆ ಅದಕ್ಕೆ ಟೀವಿ ಇರಲಿಲ್ಲ, ದುಡ್ಡೂ ಇರಲಿಲ್ಲ. ಆಗ ರೇಸಿಗೆ ಬೈಕ್ ತಯಾರು ಮಾಡೋದು ಅಂದರೆ ಮೆಕ್ಯಾನಿಕ್ ರಾತ್ರಿಯೆಲ್ಲ ಅರ ಹಿಡಿದುಕೊಂಡು ಪೋರ್ಟ್ ಉಜ್ಜೋದು, ಲೇತ್ ಅಂಗಡಿಯಲ್ಲಿ ಹೆಡ್ ಕೊರೆಸೋದು, ಪೈಪು ತಾನೇ ಬಗ್ಗಿಸಿ ವೆಲ್ಡ್ ಮಾಡೋದು. ಕಾಡೆನ್ ಪೂರ್ವ ಜರ್ಮನಿಯಲ್ಲಿ ಮಾಡಿದ್ದನ್ನು ಅವನ ಹೆಸರೂ ಕೇಳದ ನಮ್ಮ ಮೆಕ್ಯಾನಿಕ್‌ಗಳು ಕೈ ಅಂದಾಜಿನಲ್ಲಿ ಮಾಡ್ತಿದ್ರು.

ಆಮೇಲೆ 80ರ ದಶಕ. 1984ರಲ್ಲಿ ಬೆಂಗಳೂರಿನ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ 100 ಸಿಸಿ ಬೈಕ್ ಹೊರಬಂತು. ಹೌದು, ಅದೇ ಸುಜುಕಿ. ಮರುವರ್ಷ ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಬಂದವು. ಹಗುರ, ಪೆಟ್ರೋಲ್ ಕಮ್ಮಿ ಕುಡಿತವೆ. ಜನ ಅತ್ತ ಹೋದರು, ತಪ್ಪೇನಿಲ್ಲ. ಮಾಲಿನ್ಯದ ನಿಯಮ ಬಿಗಿಯಾಯಿತು. ಕಾರ್ಖಾನೆಯೊಳಗೆ ಆಡಳಿತಕ್ಕೂ ಕಾರ್ಮಿಕರಿಗೂ ತಿಕ್ಕಾಟ ಹೆಚ್ಚಿತು. 1996ರಲ್ಲಿ ಯಾದವಗಿರಿಯ ಗೇಟಿಗೆ ಬೀಗ ಬಿತ್ತು. ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ಅವತ್ತಿಂದ ಮೌನ. ಬೀಗಕ್ಕೆ ಸುಜುಕಿ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಚರಿತ್ರೆಯ ವ್ಯಂಗ್ಯ ನೋಡಿ. ಒಂದು ಕಾರ್ಖಾನೆಯ ವಿದ್ಯೆ ಒಯ್ದು ಟೂ ಸ್ಟ್ರೋಕ್ ರೇಸಿನಲ್ಲಿ ದೊಡ್ಡವರಾದವರು, ಇನ್ನೊಂದು ಟೂ ಸ್ಟ್ರೋಕ್ ಕಾರ್ಖಾನೆಯ ಮಾರುಕಟ್ಟೆಗೆ ಬಂದು ಕೂತರು. ಅರವತ್ತು ವರ್ಷ ಆದ ಮೇಲೆ ತಮ್ಮದೇ ರೇಸ್ ತಂಡವನ್ನೂ ಅರ್ಧದಲ್ಲಿ ಬಿಟ್ಟು ಹೋದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಸುಮ್ಮನೆ ಹೇಳಿದರಾ ಹಿರಿಯರು?

2001ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಮುಚ್ಚಿ ಲೆಕ್ಕ ತೀರಿಸಲು ಕೋರ್ಟ್ ಆದೇಶ ಆಯಿತು. ಕಂಪನಿಯ ಆಸ್ತಿಯೆಲ್ಲ ಅಫಿಷಿಯಲ್ ಲಿಕ್ವಿಡೇಟರ್ ಕೈಗೆ. ಅಂದರೆ ಸಾಲ ಕೊಟ್ಟವರಿಗೆ, ದುಡಿದವರಿಗೆ ಪಾಲು ಹಂಚಲು ಕೋರ್ಟಿನ ಪರವಾಗಿ ಕೂರುವ ಸರ್ಕಾರಿ ಅಧಿಕಾರಿ. ಜಾಗ, ಮೆಷಿನ್ನು, ಗುಜರಿ, ಇವಕ್ಕೆಲ್ಲ ಬೆಲೆ ಕಟ್ಟಬಹುದು. ಯೆಜ್ಡಿ ಅನ್ನೋ ಹೆಸರಿಗೆ? ಅದರ ನೋಂದಣಿ ನವೀಕರಣವಾಗದೆ ಹೋಯಿತು. ಹೆಸರು ಬೀದಿಯಲ್ಲಿ ಬಿತ್ತು.

ಬೀದಿಯಲ್ಲಿ ಬಿದ್ದ ಹೆಸರನ್ನು ಎತ್ತಿ ಒರೆಸಿ ಇಟ್ಟುಕೊಂಡವರು ಯಾರು? ಮಂಡಿ ಮೊಹಲ್ಲಾದಂಥ ಜಾಗಗಳಲ್ಲಿ ಇರುವವರು. ಕಂಪನಿ ಸ್ಪೇರ್ ಇಲ್ಲ ಅಂದರೆ ಲೇತ್‌ನಲ್ಲಿ ಮಾಡಿಸಿ ಹಾಕಿದವರು. ಅಪ್ಪನ ಗಾಡಿ ಅಂತ ಮಾರದೆ ಇಟ್ಟುಕೊಂಡ ಮಕ್ಕಳು. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಹಬ್ಬ ಮಾಡುವ ಹುಡುಗರು. ಇವರಲ್ಲಿ ಯಾರಿಗೂ ಕಂಪನಿ ಒಂದು ರೂಪಾಯಿ ಕೊಟ್ಟಿಲ್ಲ. ಕೊಡೋಕೆ ಕಂಪನಿಯೇ ಇರಲಿಲ್ಲವಲ್ಲ!

ಹೀಗಿರುವಾಗ ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿ ಯೆಜ್ಡಿ ಹೆಸರನ್ನು ತಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಂಡರು. ಮಹೀಂದ್ರ, ಅನುಪಮ್ ಥರೇಜಾ, ಬೊಮನ್ ಇರಾನಿ ಸೇರಿ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಆಯಿತು. 2018ರಲ್ಲಿ ಜಾವಾ ವಾಪಸ್ ಬಂತು. ಕಳೆದ ವರ್ಷ ಜನವರಿಯಲ್ಲಿ ಯೆಜ್ಡಿಯೂ ಬಂತು. ಮೈಸೂರಿನವರು ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಬೈಕ್ ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ವಾಪಸ್ ಬಂತು, ಕೆಲಸ ಮೈಸೂರಿಗೆ ಬರಲಿಲ್ಲ.

ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಐಡಿಯಲ್ ಜಾವಾ ನೌಕರರ ಸಂಘವೂ ಇತ್ತು. ಗೇಟಿಗೆ ಬೀಗ ಬಿದ್ದು ಎಷ್ಟೋ ವರ್ಷವಾದ ಮೇಲೆ, ತಲೆ ಬೆಳ್ಳಗಾದ ಮೇಲೆ, ಅವರು ಹೇಳಿದ್ದು ಇಷ್ಟು. ಆ ಹೆಸರು ಕಂಪನಿಯ ಆಸ್ತಿ. ಕಂಪನಿ ಲಿಕ್ವಿಡೇಟರ್ ಕೈಯಲ್ಲಿದೆ. ಹಾಗಿದ್ದ ಮೇಲೆ ಹೆಸರೂ ಅಲ್ಲೇ ಇರಬೇಕು. ಕಳೆದ ತಿಂಗಳು, ಡಿಸೆಂಬರ್ 16ರಂದು, ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಆ ವಾದವನ್ನು ಒಪ್ಪಿತು. ಯೆಜ್ಡಿ ಹೆಸರು ಐಡಿಯಲ್ ಜಾವಾ ಕಂಪನಿಯದ್ದು, ಬೊಮನ್ ಇರಾನಿ ಹೆಸರಿನ ನೋಂದಣಿ ನಿಲ್ಲೋದಿಲ್ಲ, ಕ್ಲಾಸಿಕ್ ಲೆಜೆಂಡ್ಸ್ ಅದನ್ನು ಬಳಸುವಂತಿಲ್ಲ ಅಂದಿತು. ಮೇಲ್ಮನವಿಗೆ ಅವಕಾಶ ಇರಲಿ ಅಂತ ಜಾರಿಯನ್ನು ಕೆಲವು ದಿನ ತಡೆದೂ ಇಟ್ಟಿತು. ಹಾಗಾಗಿ ಇದು ಕೊನೆಯ ಮಾತಲ್ಲ. ಮೇಲಿನ ಪೀಠ ಬೇರೆ ಥರ ಹೇಳಬಹುದು.

ಇರಾನಿಯವರ ಕಡೆಯ ಮಾತನ್ನೂ ನ್ಯಾಯವಾಗಿ ಕೇಳಬೇಕು. ಆ ಹೆಸರು ಹುಟ್ಟಿದ್ದೇ ಅವರ ಮನೆತನದ ನೆನಪಿನಿಂದ. ಕಂಪನಿ ನಿಂತು ಎಷ್ಟೋ ವರ್ಷ ಯಾರೂ ಬಳಸದೆ ಬಿಟ್ಟ ಹೆಸರು. ಯಾರೂ ನೀರು ಹಾಕದ ಗಿಡಕ್ಕೆ ನಾವು ನೀರು ಹಾಕಿದರೆ ತಪ್ಪೇ ಅಂತ ಅವರು ಕೇಳಿದರೆ, ಅದು ತಳ್ಳಿಹಾಕೋ ಮಾತಲ್ಲ. ಕಾನೂನು ಏನು ಹೇಳುತ್ತೋ ನ್ಯಾಯಾಧೀಶರು ನೋಡಿಕೊಳ್ತಾರೆ. ನಾನು ಕೇಳೋ ಪ್ರಶ್ನೆ ಬೇರೆ. ಯಾರೂ ನೀರು ಹಾಕಲಿಲ್ಲ ಅನ್ನೋದು ನಿಜವಾ? ಇಪ್ಪತ್ತಾರು ವರ್ಷ ಆ ಗ್ಯಾರೇಜಿನಲ್ಲಿ ಗೋಣಿಚೀಲದ ಮೇಲೆ ಕೂತಿರುವ ಆ ಮನುಷ್ಯ ಏನು ಮಾಡ್ತಿದ್ದ ಹಾಗಾದರೆ? ಸತ್ತ ಹೆಸರಿಗೆ ಯಾವ ಕಂಪನಿಯೂ ವಕೀಲರನ್ನು ಇಡೋದಿಲ್ಲ. ಈ ಹೆಸರಿಗೆ ಇವತ್ತು ಹೈಕೋರ್ಟಿನಲ್ಲಿ ಹೊಡೆದಾಟ ನಡೀತಿದೆ ಅಂದರೆ, ಆ ಹೆಸರಿನಲ್ಲಿ ಜೀವ ಇತ್ತು ಅಂತ ಅರ್ಥ.

ಕಾಗದ ಇಲ್ಲದ ನಿಯತ್ತು ಅಂದರೆ ಇದು. ರಾಸಿಗೆ ಕಾಗದ ಇತ್ತು. ಸುಜುಕಿಗೆ ಕಾಗದ ಇತ್ತು, ಅದನ್ನು ಬಿಡಿಸಿಕೊಳ್ಳೋ ತಾಕತ್ತೂ ಇತ್ತು. ನಮ್ಮವರನ್ನೇ ನೋಡಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯ. ಮೊದಲು ಕೆಟಿಎಂ, ಮರುವರ್ಷ ಸುಜುಕಿ, ಆಮೇಲೆ ಹೀರೋ ತಂಡ. ಈ ಹೀರೋ ಯಾರು? 26 ವರ್ಷ ಹೋಂಡಾ ಜೊತೆ ಸಂಸಾರ ಮಾಡಿ 2010ರಲ್ಲಿ ಬೇರೆಯಾಗಿ, ಈಗ ಅದೇ ಹೋಂಡಾ ಎದುರಿಗೆ ಮರಳುಗಾಡಿನಲ್ಲಿ ನಿಂತಿರುವ ಕಂಪನಿ. ಉಡುಪಿ ಕಡೆಯ ಕೆ.ಪಿ. ಅರವಿಂದ್, ನಿಮಗೆ ಬಿಗ್ ಬಾಸ್‌ನಿಂದ ಗೊತ್ತಿರಬಹುದು, ಟಿವಿಎಸ್ ತಂಡದಲ್ಲಿದ್ದು 2019ರಲ್ಲಿ ಡಕಾರ್ ಮುಗಿಸಿ 37ನೇ ಸ್ಥಾನ ಪಡೆದವರು. ಒಬ್ಬರು ತಂಡ ಬದಲಿಸಿದರು, ಇನ್ನೊಬ್ಬರು ಟಿವಿಎಸ್ ಹೆಸರಿನ ಜೊತೆಗೇ ಗುರುತಾದರು. ಇಬ್ಬರನ್ನೂ ತೂಕ ಮಾಡಿ ಇವರು ನಿಯತ್ತಿನವರು, ಅವರು ಅಲ್ಲ ಅಂತ ಹೇಳೋಕೆ ನಾವ್ಯಾರು? 2021ರ ಜನವರಿಯಲ್ಲಿ ಸಂತೋಷ್ ಬಿದ್ದು ರಿಯಾದ್‌ನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಇಡೀ ದೇಶ ಉಸಿರು ಹಿಡಿದಿತ್ತು. ಜೀವ ಒತ್ತೆ ಇಟ್ಟವನಿಗೆ ಎಲ್ಲಿ ಓಡಿಸಬೇಕು ಅಂತ ಆರಿಸಿಕೊಳ್ಳೋ ಹಕ್ಕಿದೆ.

ಕಂಪನಿಗಳಿಗೆ ಮನಸ್ಸೇ ಇರಲ್ಲ ಅಂತಲೂ ಹೇಳಲ್ಲ. 2020ರ ಜನವರಿ 12ರಂದು ಹೀರೋ ತಂಡದ ಪೋರ್ಚುಗಲ್ ರೈಡರ್ ಪೌಲೋ ಗೊನ್ಸಾಲ್ವೆಸ್ ಡಕಾರ್‌ನಲ್ಲಿ ಬಿದ್ದು ಸತ್ತ. ತಂಡ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಹೀರೋ ಏನು ಮಾಡಿತು? ಉಳಿದ ರೇಸ್ ಬಿಟ್ಟು ಇಡೀ ತಂಡವನ್ನೇ ವಾಪಸ್ ಕರೆಸಿಕೊಂಡಿತು. ಹಾಗೆ ಮಾಡಬೇಕು ಅಂತ ಯಾವ ಅಗ್ರಿಮೆಂಟಿನಲ್ಲೂ ಬರೆದಿರೋದಿಲ್ಲ. ಸತ್ತವನ ಭಾವಮೈದ ಜೋಕ್ವಿಮ್ ರೋಡ್ರಿಗ್ಸ್ ಅದೇ ತಂಡದಲ್ಲಿದ್ದ. ಎರಡು ವರ್ಷದ ನಂತರ, 2022ರ ಡಕಾರ್‌ನಲ್ಲಿ, ಅವನು ಒಂದು ದಿನದ ಹಂತವನ್ನು ಗೆದ್ದ. ಭಾರತದ ಕಂಪನಿಯೊಂದಕ್ಕೆ ಡಕಾರ್‌ನಲ್ಲಿ ಸಿಕ್ಕ ಮೊದಲ ಹಂತದ ಗೆಲುವು ಅದು. ಬರೆಯದ ಮಾತನ್ನು ಉಳಿಸಿಕೊಂಡವರಿಗೆ ಎಲ್ಲೋ ಒಂದು ಕಡೆ ಫಲ ಸಿಗುತ್ತೆ ಅಂತ ನಂಬೋಕೆ ನನಗೆ ಆಸೆ.

ಹಾಗಾಗಿ ನನ್ನ ತಕರಾರು ವ್ಯವಹಾರದ ಮೇಲಲ್ಲ. ತಕರಾರು ಇಷ್ಟೇ. ಕೆಲಸ ಮಾಡಿಸಿಕೊಳ್ಳುವಾಗ ‘ನಾವೆಲ್ಲ ಒಂದೇ ಕುಟುಂಬ’ ಅಂತೀರಿ. ಬಾಗಿಲು ಹಾಕುವಾಗ ‘ನಿಮ್ಮ ಅಗ್ರಿಮೆಂಟ್ ತೋರಿಸಿ’ ಅಂತೀರಿ. ನಿಯತ್ತನ್ನು ಭಾವನೆಯಲ್ಲಿ ಕೇಳೋದು, ಲೆಕ್ಕವನ್ನು ಮಾತ್ರ ಕಾಗದದಲ್ಲಿ ಕೊಡೋದು. ಇದು ಯಾವ ನ್ಯಾಯ?

ಮುಚ್ಚಿಹೋಗುವ ಕಂಪನಿಯಲ್ಲಿ ಕಾರ್ಮಿಕರ ಬಾಕಿಗೆ ಮೊದಲ ಮರ್ಯಾದೆ ಸಿಗಬೇಕು ಅಂತ ಈ ದೇಶದ ಕಾನೂನೇ ಹೇಳಿದೆ. 1985ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು 529ಎ ಅಂತ ಕಲಂ ಸೇರಿಸಿದರು. ಆಸ್ತಿ ಅಡ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕು ಎಲ್ಲಿ ನಿಲ್ಲುತ್ತದೋ ದುಡಿದವನೂ ಅದೇ ಸಾಲಿನಲ್ಲಿ, ಸಮಸಮ ನಿಲ್ಲಬೇಕು, ಉಳಿದವರೆಲ್ಲ ಆಮೇಲೆ ಅನ್ನೋದು ಅದರ ತಿರುಳು. ಆಸ್ತಿ ಅಂದರೆ ಬರೀ ಜಾಗ, ಮೆಷಿನ್ನು ಅಂತ ಅಂದುಕೊಂಡಿದ್ದ ಕಾಲ ಅದು. ಹೆಸರೂ ಆಸ್ತಿ ಅಂತ ಮೈಸೂರಿನ ನೌಕರರು ಕೋರ್ಟಿಗೆ ಹೋಗಿ ನೆನಪಿಸಿದ್ದಾರೆ. ಕೇಸು ಗೆಲ್ಲಲಿ, ಸೋಲಲಿ, ಆ ಹಿರಿಯ ಜೀವಗಳು ಎತ್ತಿದ ಪ್ರಶ್ನೆ ದೊಡ್ಡದು. ಹೆಸರಿಗೆ ಬೆಲೆ ಬಂದಾಗ ಆ ಬೆಲೆಯಲ್ಲಿ, ಹೆಸರು ಕಟ್ಟಿದವರಿಗೆ ಪಾಲಿದೆಯಾ ಇಲ್ಲವಾ?

ಕ್ಲಾಸಿಕ್ ಲೆಜೆಂಡ್ಸ್‌ನವರಿಗೂ ನನ್ನದೊಂದು ಮಾತು. ಕೋರ್ಟಿನಲ್ಲಿ ನಿಮ್ಮ ವಾದ ಮಾಡಿ, ಅದು ನಿಮ್ಮ ಹಕ್ಕು. ಆದರೆ ನಾಳೆ ಮೇಲ್ಮನವಿಯಲ್ಲಿ ಗೆದ್ದರೂ ಒಮ್ಮೆ ಮೈಸೂರಿಗೆ ಬನ್ನಿ. ಯಾದವಗಿರಿಯ ಆ ಗೇಟಿನೊಳಗೆ ದುಡಿದವರನ್ನು ಕೂರಿಸಿಕೊಂಡು ಮಾತಾಡಿ. ಗೆದ್ದವರು ಕೊಟ್ಟರೆ ಅದಕ್ಕೆ ಇನ್ನೂ ಹೆಚ್ಚಿನ ಬೆಲೆ.

ಅವತ್ತು ಮಂಡಿ ಮೊಹಲ್ಲಾದಿಂದ ಹೊರಡುವಾಗ ಸಂಜೆಯಾಗಿತ್ತು. ಇಂಜಿನ್ ಜೋಡಿಸಿ ಆಗಿತ್ತು. ಹುಡುಗ ಲಿವರ್ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆದ. ಮೂರನೇ ಒದೆತಕ್ಕೆ ಸ್ಟಾರ್ಟ್ ಆಯ್ತು. ಗಲ್ಲಿ ತುಂಬ ನೀಲಿ ಹೊಗೆ. ನಾನು ಚಾಚಾರನ್ನು ಕೇಳಿದೆ, ‘ಹೊಸ ಯೆಜ್ಡಿ ಬಂದಿದೆಯಲ್ಲ, ಕೋರ್ಟಲ್ಲಿ ಹೆಸರಿಗೆ ಜಗಳ ಬೇರೆ. ಯಾರು ಗೆಲ್ಲಬೇಕು ಅಂತೀರಿ?’

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ‘ಯಾರಾದ್ರೂ ಗೆಲ್ಲಲಿ ಸಾರ್. ಪಿಸ್ಟನ್ ರಿಂಗ್ ಒಂದು ಸಿಗೋ ಹಾಗೆ ಮಾಡ್ಲಿ’ ಅಂದರು.

ಇದಕ್ಕಿಂತ ದೊಡ್ಡ ತೀರ್ಪು ನನಗೆ ಗೊತ್ತಿಲ್ಲ. ಯಾರು ಯಾರ ಕಡೆಯವರು ಅಂತ ಕೇಳಿದೆನಲ್ಲ? ರೈಡರ್ ಗೆಲುವಿನ ಕಡೆ. ಕಂಪನಿ ಲಾಭದ ಕಡೆ. ಆ ಮನುಷ್ಯ ಗಾಡಿಯ ಕಡೆ. ನಿಮ್ಮ ಮನೆಯ ಹತ್ತಿರವೂ ಅಂಥವರೊಬ್ಬರು ಇರ್ತಾರೆ. ಮುಂದಿನ ಸಲ ಗಾಡಿ ರಿಪೇರಿಗೆ ಹೋದಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡೋಕೆ ಮುಂಚೆ ಒಂದು ನಿಮಿಷ ಯೋಚನೆ ಮಾಡಿ.